ಹಾಜರಿ ಪುಸ್ತಕದ ಇಪ್ಪತ್ತನೆಯ ಹೆಸರು

ಮುದ್ದು ಲತ್ಸಮಿ,

ನೀನು ಹೋಗಿ ಆರು ತಿಂಗಳಾಯಿತು. ಸತ್ತವರಿಗೆ ಕಾಗದ ಬರೆಯುವ ಹುಚ್ಚು ನನಗೆ ಎಂದೂ ಇರಲಿಲ್ಲ. ಆದರೆ ಈಗ ಮಾತಾಡಬೇಕಾದದ್ದು ನಿನ್ನ ಬಳಿಯೇ, ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಫೆಬ್ರುವರಿಯಲ್ಲಿ ಅಡುಗೆಗೆಂದು ಹೊಳೆಯ ಪಾಚಿ ತೆಗೆಯಲು ಹೋದವಳು ಕಾಲು ಜಾರಿ ಮಡುವಿಗೆ ಬಿದ್ದೆ. ನಾನು ಅತ್ತೆ, ನಿಜ. ಆದರೆ ನಿನ್ನನ್ನು ಮಣ್ಣು ಮಾಡಿ ಬಂದ ದಿನವೇ ನನ್ನ ತಲೆ ಲೆಕ್ಕ ಹಾಕಿತು. ನೀನಿದ್ದರೆ ಶಾಲೆಯಲ್ಲಿ ಇಪ್ಪತ್ತು ಮಕ್ಕಳು, ಇಲ್ಲದಿದ್ದರೆ ಹತ್ತೊಂಬತ್ತು. ಸರ್ಕಾರವೂ ಹೊರದೇಶದ ಪಾಲುದಾರರೂ ಸೇರಿ ನಮ್ಮ ಹಳ್ಳಿ ಶಾಲೆಗಳನ್ನು ಸುಧಾರಿಸಲು ಹೊರಟಿದ್ದರಲ್ಲ, ಇಪ್ಪತ್ತು ಮಕ್ಕಳಿದ್ದರೆ ಹೊಸ ಕಟ್ಟಡ, ಒಂದು ಕಡಿಮೆಯಾದರೂ ಶಾಲೆ ಮುಚ್ಚಿ ಆಚೆ ದಡದ ಶಾಲೆಗೆ ಸೇರಿಸುವುದು ಎಂದು ಅವರ ನಿಯಮ. ಆಗ ನಿನ್ನ ತಂಗಿ ಮಾಲಾಯ್ ದಿನಕ್ಕೆರಡು ಸಲ ಅದೇ ಹೊಳೆ ದಾಟಬೇಕು. ಅದಕ್ಕೆ ಈಗಷ್ಟೇ ಆರು ತುಂಬಿದೆ.

ಅದಕ್ಕೇ ನಿನ್ನ ಹೆಸರು ಹೊಡೆದುಹಾಕಲಿಲ್ಲ. ತಪಾಸಣೆಯ ದಿನ ನಿನ್ನ ಬದಲು ನಿನ್ನ ಗೆಳತಿ ತಿಪ್ಪಾ ಓಗೊಡಬೇಕೆಂದು ಹೇಳಿಕೊಟ್ಟೆ. ತಾಲೀಮಿಗೆಂದು ಮೂರು ತಿಂಗಳು ಪ್ರತಿದಿನ ಬೆಳಿಗ್ಗೆ ನಿನ್ನ ಹೆಸರು ಕೂಗಿದೆ. ತಲೆ ಎಣಿಸಿದರೆ, ಒಬ್ಬಳು ಈಗತಾನೆ ಹೊರಗೆ ಹೋದಳು ಎನ್ನುವ ಸುಳ್ಳೂ ಸಿದ್ಧವಿತ್ತು.

ಮೇ ತಿಂಗಳಲ್ಲಿ ಅವರು ಬಂದರು. ರಾಜಧಾನಿ ವಿಯೆಂಟಿಯಾನ್‌ನಿಂದ ಇಲಾಖೆಯ ಅಧಿಕಾರಿ, ಜೊತೆಗೆ ಪಾಲುದಾರರ ಕಡೆಯ ಒಬ್ಬ ಹೆಂಗಸು. ಇಬ್ಬರೂ ಬೇರೆ ಬೇರೆಯಾಗಿ ಎಣಿಸಬೇಕು, ಎರಡೂ ತಾಳೆಯಾದರೆ ಮಾತ್ರ ಸಹಿ. ಒಬ್ಬರನ್ನೊಬ್ಬರು ಅಷ್ಟು ನಂಬುತ್ತಾರೆ, ಪಾಪ.

ಅಧಿಕಾರಿ ನಿನ್ನ ಹೆಸರು ಕೂಗಿದರು. ತಿಪ್ಪಾ ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಉತ್ತರ ಬಂತು. ನಾನು ತಿರುಗಿ ನೋಡಿದೆ. ಅಲ್ಲಿ ಮಾಲಾಯ್ ಒಬ್ಬಳೇ ಕೂತಿದ್ದಳು, ಪಕ್ಕದಲ್ಲಿ ಜಾಗ ಬಿಟ್ಟು. ಇಬ್ಬರೂ ಎಣಿಸಿದರು. ಇಬ್ಬರಿಗೂ ಇಪ್ಪತ್ತು. ಆ ಹೆಂಗಸು ಇಪ್ಪತ್ತು ನೋಟುಪುಸ್ತಕ ಹಂಚಿದಳು, ಒಂದೂ ಉಳಿಯಲಿಲ್ಲ. ನನಗೆ ಕಂಡದ್ದು ಹತ್ತೊಂಬತ್ತೇ ಮಕ್ಕಳು. ನಾನು ತೆಪ್ಪಗೆ ಅವರಿಗೆ ಅಂಟು ಅನ್ನ, ಸುಟ್ಟ ಮೀನು ಬಡಿಸಿದೆ. ಶಾಲೆ ಉಳಿಯಿತೆಂದು ಒಳಗೊಳಗೇ ಖುಷಿಪಟ್ಟೆ ಕೂಡ. ಕ್ಷಮಿಸು.

ಮರುದಿನದಿಂದ ಮಾಲಾಯ್ ಪಾಠದ ಮಧ್ಯೆ ಎದ್ದು ಹೊಳೆಯ ಕಡೆ ನಡೆಯತೊಡಗಿದಳು. ಕೈ ಹಿಡಿದೆಳೆದು ಗದರಿಸಿದರೆ ಕೊಸರಿಕೊಂಡಳು.

"ಬಿಡಿ ಅಕ್ಕೋರೇ, ನಮ್ಮಕ್ಕ ಕಾಯ್ತಾವಳೆ. ಒಬ್ಳೇ ಇರಕ್ಕೆ ಅವ್ಳಿಗೆ ಚಳಿಯಂತೆ."

ನಿಮ್ಮಜ್ಜಿ ಖಮ್ಸಿಗೆ ಎಲ್ಲ ಹೇಳಿದೆ. ಎಲೆ ಅಡಿಕೆ ಉಗಿದು ನನ್ನನ್ನೇ ದಿಟ್ಟಿಸಿದಳು.

"ಮೇಷ್ಟ್ರಗಿರಿ ಓದಿದ್ರೆ ಬುದ್ಧಿ ಬಂದ್ಬಿಡುತ್ತಾ? ನೀರಲ್ಲಿ ಹೋದೋರ್ನ ಮೂರು ಸಲ ಕರುದ್ರೇ ಸಾಕು, ತಿರುಗಿ ನೋಡ್ತಾರೆ. ನೀನು ಮೂರು ತಿಂಗ್ಳು ಕರ್ದಿದೀಯಲ್ಲೇ ತಾಯಿ! ಬಂದೋಳು ಸುಮ್ನೆ ಹೋಗ್ತಾಳಾ? ಜೊತೆ ಕೇಳ್ತಾಳೆ."

ಮಗುವಿಗೆ ಜ್ವರ ಬಂದರೆ ಅದರ ಪ್ರಾಣ ಎಲ್ಲೋ ಹೆದರಿ ನಿಂತಿದೆಯೆಂದು ಹೆಸರು ಹಿಡಿದು ಕರೆದು, ಮಣಿಕಟ್ಟಿಗೆ ಬಿಳಿ ದಾರ ಕಟ್ಟುವ ಊರು ನಮ್ಮದು. ಎಷ್ಟೋ ಮಕ್ಕಳಿಗೆ ನಾನೇ ಕಟ್ಟಿದ್ದೇನೆ. ಕರೆದರೆ ಬರುತ್ತೀಯೆಂದು ನನಗೆ ಗೊತ್ತಿರಬೇಕಿತ್ತು.

ಅಂದೇ ನಿನ್ನ ಹೆಸರು ಹೊಡೆದುಹಾಕಿದೆ, ಅಧಿಕಾರಿಗೂ ಆ ಹೆಂಗಸಿಗೂ ನಿಜ ಬರೆದೆ. ಅಧಿಕಾರಿ ಸಿಟ್ಟಿನಿಂದಲೇ ಬಂದರು.

"ನಾನೂ ಎಣಿಸಿದೀನಿ, ಆಯಮ್ಮನೂ ಎಣಿಸಿದ್ರು. ಇಬ್ಬರಿಗೂ ಕಣ್ಣು ಮಂಜಾಗಿತ್ತಾ?"

ಮತ್ತೆ ಎಣಿಸಿ ಎಂದೆ. ಎರಡು ಸಲ ಎಣಿಸಿದರು, ಹತ್ತೊಂಬತ್ತೇ. ಆಮೇಲೆ ದನಿ ತಗ್ಗಿಸಿ ಕೇಳಿದರು.

"ಅಕ್ಕೋರೇ, ಆವತ್ತು ಕೊನೇ ಬೆಂಚಲ್ಲಿ ಕೂದಲೆಲ್ಲಾ ಒದ್ದೆ ಮಾಡ್ಕೊಂಡು ಒಂದು ಹುಡುಗಿ ಕೂತಿತ್ತಲ್ಲ, ಅದೆಲ್ಲಿ?"

ನಾನು ಹೊಳೆಯ ಕಡೆ ಕೈ ತೋರಿಸಿದೆ. ಅವರು ನೀರೂ ಕುಡಿಯದೆ ಹೊರಟುಹೋದರು.

ಶಾಲೆ ಮುಚ್ಚಿತು. ಸೋಮವಾರದಿಂದ ದೋಣಿ. ಹೊಳೆ ಈಗ ತುಂಬಿ ಕೆಂಪಗಾಗಿದೆ. ಯಾವ ಹೊಳೆಯಿಂದ ಮಾಲಾಯಳನ್ನು ತಪ್ಪಿಸಲು ನಿನ್ನ ಹೆಸರು ಉಳಿಸಿಕೊಂಡೆನೋ, ಆ ಹಾಜರಿಯಿಂದ ನಿನ್ನನ್ನು ಬಿಡಿಸಲು ಹೋಗಿ ಅದೇ ಹೊಳೆಗೆ ಅವಳನ್ನು ಇಳಿಸುತ್ತಿದ್ದೇನೆ. ಬೇರೆ ದಾರಿ ನನಗೆ ಹೊಳೆಯಲಿಲ್ಲ, ಮಗಳೇ.

ದೋಣಿಯಲ್ಲಿ ಅವಳ ಪಕ್ಕ, ನೀರಿನ ಕಡೆಗೆ, ನಾನು ಕೂರುತ್ತೇನೆ. ಇನ್ನು ಮೇಲೆ ನಿನ್ನ ಹೆಸರು ನಾನು ಕೂಗುವುದಿಲ್ಲ. ಅವಳ ಹೆಸರು ನೀನೂ ಕೂಗಬೇಡ. ಒಬ್ಬಳೇ ಇರಲಾಗದಷ್ಟು ಚಳಿಯಾದರೆ ನನ್ನನ್ನು ಕರೆ. ನಿನ್ನನ್ನು ಕರೆದವಳು ನಾನು, ಓಗೊಡಬೇಕಾದವಳೂ ನಾನೇ.

ನೀನಿರುವಲ್ಲಿ ಬೆಚ್ಚಗಿರಲಿ, ಕಣ್ತುಂಬ ನಿದ್ದೆ ಬರಲಿ.

ನಿನ್ನ ಅಕ್ಕೋರು,
ವಿಲಾಯ್