ಜಗಲಿಯ ಮೇಲಿನ ಎಲೆ

ಮಧುಗಿರಿ
೧೪-೧೧-೧೯೪೧

ಚಿ|| ಸೌ|| ಗಂಗರತ್ನಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರೋಗ್ಯವಾಗಿದ್ದೇವೆ. ಸಿರಾದಲ್ಲಿ ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳು ಬಂದವು, ನನ್ನಿಂದ ಒಂದೂ ಉತ್ತರ ಬರಲಿಲ್ಲ. ಸ್ಕೂಲಿಗೆ ಇನ್‌ಸ್ಪೆಕ್ಟರು ಬಂದಿದ್ದರು, ಹೊಲದಲ್ಲಿ ಕಡಲೆಕಾಯಿ ಕೀಳಿಸುತ್ತಿದ್ದೆ ಎಂದೆಲ್ಲ ಬರೆಯಬಹುದಿತ್ತು. ಆದರೆ ಹುಡುಗರು ಹೀಗೆ ನೆಪ ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ಹೆಡ್‌ಮಾಸ್ತರು ನಾನು. ನಿಜ ಹೇಳುತ್ತೇನೆ, ಬರೆಯಲು ನಾಚಿಕೆಯಾಗಿತ್ತು.

"ಲಾಡ್ಜಿನಲ್ಲಿ ನಿಮ್ಮನ್ನು ಮಾಸ್ಟರ್ ಪೀಠಕ್ಕೆ ಆರಿಸಿದರೂ ಬೇಡವೆಂದಿರಂತೆ, ಯಾಕಪ್ಪ?" ಎಂದು ಮೂರರಲ್ಲೂ ಕೇಳಿದ್ದೀಯೆ. ಬೇಡವೆಂದದ್ದು ನಿಜ. ಲಾಡ್ಜಿನ ಮುಖ್ಯಸ್ಥನ ಈ ಪೀಠಕ್ಕಾಗಿ ಅಪ್ಪ ಎಷ್ಟು ವರ್ಷ ಕಾದಿದ್ದಾನೆಂಬುದು ನಿನಗೆ ಗೊತ್ತು. ಆದ್ದರಿಂದ ನಿನಗೆ ಕಾರಣ ಹೇಳಲೇಬೇಕು.

ಹನ್ನೊಂದು ವರ್ಷದಿಂದ ತಿಂಗಳಿಗೊಮ್ಮೆ ಕರಿ ಕೋಟು ತೊಟ್ಟು, ಚರ್ಮದ ಸಣ್ಣ ಪೆಟ್ಟಿಗೆ ಹಿಡಿದು ತುಮಕೂರಿನ ಫ್ರೀಮೇಸನ್ ಲಾಡ್ಜಿಗೆಂದು ಬಸ್ಸು ಹತ್ತುವ ಅಪ್ಪನನ್ನು ನೋಡಿಕೊಂಡೇ ನೀನು ಬೆಳೆದೆ. "ಮೇಷ್ಟ್ರು ದೆವ್ವದ ಬಂಗ್ಲೆಗೆ ಒಂಟ್ರು ಕಣ್ಲಾ" ಎಂದು ಬಸ್ಸಿನವರು ನಗುತ್ತಿದ್ದರು. ಪೆಟ್ಟಿಗೆಯಲ್ಲಿ ದೆವ್ವವೇನೂ ಇರಲಿಲ್ಲ, ಬಿಳಿ ಕುರಿಚರ್ಮದ ಒಂದು ಏಪ್ರನ್ನು ಇತ್ತು. ಕಲ್ಲುಕುಟಿಗರ ಉಳಿ, ಸುತ್ತಿಗೆ, ಮೂಲೆಮಟ್ಟಗಳನ್ನೇ ಮುಂದಿಟ್ಟುಕೊಂಡು ಅಲ್ಲಿ ಪಾಠ ಹೇಳುತ್ತಾರೆ. ಮನುಷ್ಯ ಬಂಡೆಯಿಂದ ಸೀಳಿ ತಂದ ಒರಟು ಕಲ್ಲು, ತನ್ನನ್ನು ತಾನೇ ಕೆತ್ತಿಕೊಂಡು ನಯವಾಗಬೇಕು. ಮಟ್ಟ ಹಿಡಿದರೆ ಅಮಲ್ದಾರನೂ ಜವಾನನೂ ಒಂದೇ ಸಮ. ಇವನ್ನೆಲ್ಲ ನಿನಗೂ ಹೇಳಿ ಹೇಳಿ ತಲೆ ತಿಂದಿದ್ದೇನೆ. ಲಾಡ್ಜಿನ ಕೆಲಸ ಮುಗಿದ ಮೇಲೆ ಎಲ್ಲರೂ ಒಂದೇ ಮೇಜಿನಲ್ಲಿ ಕೂತು ಉಣ್ಣಬೇಕೆಂಬುದು ಅಲ್ಲಿಯ ಪದ್ಧತಿ. ಬ್ರಾಹ್ಮಣ ವಕೀಲರು, ಸಿರಾದ ಸಾಹೇಬರು, ಒಬ್ಬಿಬ್ಬರು ಇಂಗ್ಲಿಷ್ ದೊರೆಗಳು, ಕುಂಚಿಟಿಗರವನಾದ ನಾನು, ನನ್ನ ಪಕ್ಕದ ಕುರ್ಚಿಯಲ್ಲಿ ಯಾವಾಗಲೂ ಕೊರಟಗೆರೆಯ ಡಾಕ್ಟರ್ ಜಯರಾಮಯ್ಯ.

ಜಯರಾಮಯ್ಯನವರು ಆದಿಕರ್ನಾಟಕರವರು. ಪಾವಗಡದ ಕಡೆಯ ಹಟ್ಟಿಯಲ್ಲಿ ಹುಟ್ಟಿ, ಸ್ಕಾಲರ್‌ಶಿಪ್ಪಿನಲ್ಲಿ ಓದಿ ಡಾಕ್ಟರಾದವರು. ಪೀಠ ಏರುವವನು ಪುಟಗಟ್ಟಲೆ ಇಂಗ್ಲಿಷನ್ನು ಪುಸ್ತಕ ನೋಡದೆ ಒಪ್ಪಿಸಬೇಕು. ಅದನ್ನು ನನಗೆ ಬಾಯಿಪಾಠ ಮಾಡಿಸಿದವರೂ ಅವರೇ. ಬಸ್ಸಿನಲ್ಲಿ ಪಕ್ಕ ಕೂತು ಸಾಲು ಸಾಲಾಗಿ ಕೇಳುವರು, ತಪ್ಪಿದರೆ "ಮೇಷ್ಟ್ರೇ, ಬೆಂಚ್ ಮೇಲೆ ನಿಂತ್ಕೊಳಿ" ಎಂದು ನಗುವರು. ಒಡಹುಟ್ಟಿದವರಿಲ್ಲದ ನನಗೆ, ಅಲ್ಲಿಯ ರೂಢಿಯಂತೆ ಅವರನ್ನು ಬ್ರದರ್ ಎಂದು ಕರೆಯುವುದೇ ಒಂದು ಸುಖವಾಗಿತ್ತು.

ಆಷಾಢದಲ್ಲಿ ನಡೆದದ್ದು ನಿನಗೆ ಗೊತ್ತೇ ಇದೆ. ಮೊದಲ ಆಷಾಢಕ್ಕೆ ನೀನು ತವರಿಗೆ ಬಂದಿದ್ದೆ. ಅಜ್ಜಿಗೆ ನಿಮೋನಿಯಾ. ಚೀಟಿ ಕಳಿಸಿದ ದಿನವೇ ಜಯರಾಮಯ್ಯ ಬಂದರು. ಛತ್ರದಲ್ಲಿ ಇಳಿದುಕೊಂಡು, ಎರಡು ದಿನ ನಮ್ಮ ನಡುಮನೆಗೆ ಓಡಾಡಿ, ನಾಡಿ ಹಿಡಿದು, ತಮ್ಮ ಕೈಯಾರೆ ಮಾತ್ರೆ ನುಂಗಿಸಿದರು. ಮೂರನೆಯ ದಿನ ಅಜ್ಜಿ ಎದ್ದು ಕೂತು ಗಂಜಿ ಕೇಳಿದಳು. ಊಟ ಮಾಡಿಕೊಂಡೇ ಹೋಗಬೇಕೆಂದು ನಾನು ಡಾಕ್ಟರ ಕೈ ಹಿಡಿದುಕೊಂಡೆ. ನಿಮ್ಮಮ್ಮ ಕೋಳಿಸಾರು ಮಾಡಿದಳು.

ಆಮೇಲೆ ಎಲೆ ಹಾಕಿದ್ದು ಜಗಲಿಯ ಮೇಲೆ.

"ಒಳಗೆ ಸೆಕೆ ಬ್ರದರ್, ಇಲ್ಲಿ ಗಾಳಿ ಚೆನ್ನಾಗಿದೆ" ಎಂದೆ. ಆಷಾಢದ ಗಾಳಿ! ಮುತ್ತುಗದೆಲೆ ಹಾರಿ ಹೋಗದಂತೆ ಅವರು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು ಬಲಗೈಯಲ್ಲಿ ಮುದ್ದೆ ಮುರಿದರು. ಸಾರಿನಲ್ಲಿ ದೂಳು ಬೀಳುತ್ತಿತ್ತು. "ಹೌದು ಬ್ರದರ್, ಗಾಳಿ ಚೆನ್ನಾಗಿದೆ" ಎಂದರು. ಉಂಡಾದ ಮೇಲೆ ಯಾರೂ ಹೇಳುವ ಮೊದಲೇ ಎಲೆಯನ್ನು ತಾವೇ ಎತ್ತಿ, ಕೂತಿದ್ದ ಜಾಗಕ್ಕೆ ಚೊಂಬಿನ ನೀರು ಹಾಕಿ ಕೈಯಿಂದ ಒರೆಸಿದರು. ಕೊರಟಗೆರೆಯಲ್ಲಿ ಅಮಲ್ದಾರರೇ ಎದ್ದು ನಿಂತು ಮಾತಾಡಿಸುವ ಮನುಷ್ಯ. ಎಷ್ಟು ಸಲ ಮಾಡಿ ಆ ಕೈಗೆ ಆ ಕೆಲಸ ರೂಢಿಯಾಗಿತ್ತೋ! ನಾನು ಕಂಬಕ್ಕೆ ಒರಗಿ ನೋಡುತ್ತ ನಿಂತಿದ್ದೆ.

ನೀನು ಅಡಿಗೆಮನೆಯಿಂದ ಇದನ್ನು ನೋಡಿ, ಸೀದಾ ಅಜ್ಜಿಯ ಹಾಸಿಗೆಯ ಹತ್ತಿರ ಹೋಗಿ, "ನಿನ್ ಜೀವ ಉಳಿಸ್ದೋರ್ಗೆ ಜಗಲಿ ತೋರ್ಸ್ತೀಯಲ್ಲಜ್ಜಿ, ಇನ್ ನಿನ್ ಕೈಲಿ ನೀರೂ ಕುಡಿಯಲ್ಲ" ಎಂದೆ. ಆಷಾಢ ಮುಗಿದು ಗಂಡನ ಮನೆಗೆ ಹೊರಟಾಗ ಅವಳ ಕಾಲಿಗೂ ಬೀಳದೆ ಹೋದೆ. ಅಜ್ಜಿ ಹಳೆಯ ಕಾಲದವಳು, ಕಟ್ಟುಪಾಡುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು. ಅವಳ ಮನಸ್ಸು ನೋಯಿಸಲಾರದೆ ಹೋದೆನೆಂದುಕೊ. ಅವಳ ಮೇಲೆ ಸಿಟ್ಟಿಟ್ಟುಕೊಳ್ಳಬೇಡ.

ಇನ್ನು ಪೀಠದ ವಿಷಯ. ಲಾಡ್ಜಿನ ಒಳಗಿನದನ್ನು ಹೊರಗೆ ಹೇಳುವಂತಿಲ್ಲ, ಆದರೆ ಇದು ಊಟದ ಮೇಜಿನ ಮಾತು. ಹೋದ ತಿಂಗಳು ನನ್ನನ್ನು ಆರಿಸಿದ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದೆವು. ಒಬ್ಬೊಬ್ಬರೇ ಎದ್ದು ನನ್ನನ್ನು ಹೊಗಳಿದರು. ಕೊನೆಗೆ ಜಯರಾಮಯ್ಯ ಎದ್ದರು. "ಇಲ್ಲಿ ಕಲಿತದ್ದನ್ನು ಈ ಬಾಗಿಲಾಚೆಗೆ ಎಷ್ಟು ಜನ ಒಯ್ಯುತ್ತೇವೋ ಗೊತ್ತಿಲ್ಲ. ಬ್ರದರ್ ಬೋರಯ್ಯನವರ ಮನೆಯಲ್ಲಿ ನಾನು ಉಂಡಿದ್ದೇನೆ. ಅಷ್ಟು ಹೇಳಿದರೆ ಸಾಕು" ಎಂದು ಕೂತರು. ಮೇಜು ಗುದ್ದಿ ಗುದ್ದಿ ಎಲ್ಲರೂ ಸಂತೋಷಪಟ್ಟರು. ನಾನು ಎದ್ದು, ಎದೆಯ ಮೇಲೆ ಕೈಯಿಟ್ಟು, ಬಗ್ಗಿ ವಂದಿಸಿದೆ. ಹೌದಮ್ಮ, ವಂದಿಸಿದೆ! ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಅಂತಾರಲ್ಲ, ಅದು ನಿಮ್ಮಪ್ಪನನ್ನು ನೋಡಿಯೇ ಹುಟ್ಟಿದ ಗಾದೆ.

ಮರುದಿನ ಬಸ್ಸಿನಲ್ಲಿ, "ಯಾಕೆ ಹಾಗಂದಿರಿ? ನನ್ನ ಚುಚ್ಚೋಕಾ?" ಎಂದು ಕೇಳಿದೆ.

"ಇಲ್ಲ ಮೇಷ್ಟ್ರೇ. ನಿಜ ಹೇಳಿ ನಿಮ್ಮ ಮಾನ ಕಳೆದ್ರೆ ನಂಗೇನ್ ಸಿಕ್ಕೀತು? ಇವತ್ತಲ್ಲ ನಾಳೆ ಆ ಮಾತು ನಿಜ ಆಗ್ಲಿ ಅಂತ ಹೇಳ್ದೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೊರಟಗೆರೆಯಲ್ಲಿ ಅವರು ಇಳಿದು ಹೋದರು. ಮನೆಗೆ ಬಂದವನೇ ಪೀಠ ಬೇಡವೆಂದು ಸೆಕ್ರೆಟರಿಗೆ ಕಾಗದ ಬರೆದೆ. "ಮನೆಗೆ ಬನ್ನಿ, ನಡುಮನೆಯಲ್ಲಿ ನನ್ನ ಪಕ್ಕ ಕೂತು ಉಣ್ಣಿ" ಎಂದು ಡಾಕ್ಟರಿಗೆ ಬರೆಯಲು ಕೂತೆ, ನಾಲ್ಕು ಸಲ ಹರಿದು ಹಾಕಿದೆ. ಇನ್ನೂ ಬರೆದಿಲ್ಲ.

ಅಳಿಯಂದಿರಿಗೆ ಇದನ್ನು ಓದಿ ಹೇಳುವುದೂ ಬಿಡುವುದೂ ನಿನ್ನಿಷ್ಟ. ನಿಮ್ಮಮ್ಮ ಹುರಿಟ್ಟು ಮಾಡಿಟ್ಟಿದ್ದಾಳೆ, ಆ ಕಡೆ ಬರುವವರ ಕೈಲಿ ಕಳಿಸುತ್ತೇನೆ. ತಣ್ಣೀರು ಸ್ನಾನ ಬೇಡ, ಚಳಿ ಬಿದ್ದಿದೆ. ನಿನ್ನ ಮನೆ ತುಂಬಿರಲಿ, ಬಂದವರೆಲ್ಲರಿಗೂ ಅದರ ಒಳಗೆ ಜಾಗವಿರಲಿ.

ಇತಿ,
ನಿನ್ನ ತಂದೆ
ಬೋರಯ್ಯ

ತಾ. ಕ.: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಮೇಲೆ ಅಜ್ಜಿಯ ಕಟ್ಟುಪಾಡಿನ ಬಗ್ಗೆ ಬರೆದಿರುವ ಸಾಲುಗಳು ಸುಳ್ಳು. ಹೊಡೆದು ಹಾಕುವುದಿಲ್ಲ, ನಿಮ್ಮಪ್ಪ ಎಂಥವನೆಂದು ನಿನಗೂ ಗೊತ್ತಿರಲಿ. ಜಗಲಿಗೆ ಎಲೆ ಹಾಕೆಂದು ಅಜ್ಜಿ ಹೇಳಲಿಲ್ಲ. ಎದುರುಮನೆ ಜಗಲಿಯಲ್ಲಿ ಪಟೇಲ ಬೊಮ್ಮಪ್ಪ ಎಲೆಯಡಿಕೆ ಹಾಕಿಕೊಂಡು ಕೂತಿದ್ದ, ಅವನನ್ನು ಕಂಡು ನಾನೇ ಹೆದರಿದೆ. "ಲಾಡ್ಜು ಗೀಡ್ಜು ಅಂತ ತಿರುಗುದ್ರೂ ಮೇಷ್ಟ್ರು ನಮ್ಮೋರೇ ಬುಡು" ಎಂದು ಅವನು ಅಂದಾಗ ನನಗೆ ಸಮಾಧಾನವೂ ಆಯಿತು. ನಾನು ನೀರಿಗೆಂದು ಒಳಗೆ ಬಂದಾಗ ಅಜ್ಜಿ, "ಲೇ ಬೋರ, ನನ್ ಉಸ್ರು ಉಳಿಸ್ದ ಪುಣ್ಯಾತ್ಮನ್ನ ಯಾಕ್ಲಾ ಆಚೆ ಕುಂಡ್ರಿಸ್ದೆ? ಒಳೀಕ್ ಕರಿ, ಇಲ್ಲೇ ನನ್ ಪಕ್ಕ ಉಣ್ಲಿ" ಅಂದಳು. "ಬೀದಿ ಜನ ನೋಡ್ತಾವ್ರೆ, ಸುಮ್ಕಿರವ್ವ" ಎಂದು ಗದರಿದೆ. ಡಾಕ್ಟರು ಉಂಡೆದ್ದ ಮೇಲೆ ನಾನು ಮತ್ತೆ ಒಳಗೆ ಬಂದಾಗ ನೀನು ಅವಳನ್ನು ಬೈದೆ. ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಮಗನ ಮರ್ಯಾದೆ ಉಳಿಯಲೆಂದು ಅವಳು ಈವತ್ತಿನವರೆಗೂ ಬಾಯಿ ಬಿಟ್ಟಿಲ್ಲ.

ನಿನ್ನ ಕಾಗದ ಬಂದಾಗಲೆಲ್ಲ, "ನನ್ನ ಕೇಳವ್ಳೇನ್ಲಾ ರತ್ನ?" ಎನ್ನುತ್ತಾಳೆ. ಮೂರರಲ್ಲೂ ಅವಳ ಹೆಸರಿಲ್ಲ. ಓದಿ ಹೇಳುವಾಗ ನಾನೇ ಸೇರಿಸಿಕೊಂಡು ಓದುತ್ತೇನೆ.