ಮನಸ್ಸು ಕೆಳಗೆ ಬಿದ್ದ ಅಕ್ಷರ

ಮಾರ್ಚ್ ೧೧, ಬುಧವಾರ

ಜಪಾನಿ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು. ‘ಪುರುಸೊತ್ತಿಲ್ಲದೆ ಅಕ್ಕನಿಗೆ ಫೋನ್ ಮಾಡಲಿಲ್ಲ’ ಎಂದು ಬರೆಯಲು ಹೋಗಿ 忙 ಅಕ್ಷರದ ಬದಲು 忘 ಗೀಚಿದ್ದೆ. ಟೀಚರ್ ನಕ್ಕರು.

“ಎರಡನ್ನೂ ‘ಬೋ’ ಅಂತ ಓದ್ತೀವಿ. ಎರಡರಲ್ಲೂ ಇರೋದು ಮನಸ್ಸು, ಅಳಿವು ಅನ್ನೋ ಎರಡು ಚಿಹ್ನೆ, ಅಷ್ಟೇ. ಮನಸ್ಸು ಪಕ್ಕದಲ್ಲಿ ನಿಂತ್ರೆ ಪುರುಸೊತ್ತಿಲ್ಲ ಅಂತ, ಕೆಳಗೆ ಬಿದ್ರೆ ಮರೆತೆ ಅಂತ.”

ಮನೆಗೆ ಬಂದರೆ ಭಾವನ ಫೋನ್. ಅಕ್ಕನಿಗೆ ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾಯಿತಂತೆ.

“ನಂಗ್ಯಾಕೆ ಹೇಳ್ಲಿಲ್ಲ ಭಾವ?”

“ನಿಂಗೆ ಪುರುಸೊತ್ತಿರಲ್ಲ, ಹೇಳ್ಬೇಡಿ ಅಂದ್ಲು ಕಣಮ್ಮ.”

ಅದು ನನ್ನದೇ ಮಾತು. ಆರು ತಿಂಗಳಿಂದ ಅವಳಿಗೆ ಅದನ್ನೇ ಒಪ್ಪಿಸುತ್ತಾ ಬಂದಿದ್ದೇನೆ.

ತಪ್ಪಿದ್ದನ್ನು ಇಪ್ಪತ್ತು ಸಲ ತಿದ್ದಿ ಬರೆಯಬೇಕಂತೆ. ಮೂರಕ್ಕೇ ಕೈ ನಿಂತಿದೆ. ಟೀಚರ್ ಕೆಂಪು ಗೆರೆ ಎಳೆದ ಆ ಅಕ್ಷರವೇ ಸರಿಯಿತ್ತು.