ತಲೆ ಬೇಡ, ಭುಜ ಸಾಕು

ಮನೆಯಿಂದ,
ಗುರುವಾರ, ಬೆಳಿಗ್ಗೆ

ನನ್ನ ಕಣ್ಣೆದುರಿಗಿಲ್ಲದ ಕಲಾವಿದೆಗೆ,

ಮೊದಲು ತಪ್ಪೊಪ್ಪಿಗೆ. ಕಳೆದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ನಾನು ಒಬ್ಬ ನಿವೃತ್ತ ನ್ಯಾಯಾಧೀಶರನ್ನು ಗೋಡೆಗೆ ಮುಖಮಾಡಿಸಿ ನಿಲ್ಲಿಸಿದೆ. ಕೈ ಪಳಗಿದ ಮೇಲೆ ಅವರ ಪಕ್ಕಕ್ಕೆ ದಂತವೈದ್ಯರನ್ನೂ ನಿಲ್ಲಿಸಿದೆ. ನಿನ್ನ ಕೆಲಸದ ಕೋಣೆಯಲ್ಲಿ ಒಣಗಲು ಇಟ್ಟಿದ್ದ ಇಬ್ಬರೂ, ನಾನು ಒಬ್ಬನೇ ಕೂತು ಕಾಫಿ ಕುಡಿಯುವುದನ್ನು ದುರುಗುಟ್ಟಿ ನೋಡುತ್ತಿದ್ದರು. ಚಿತ್ರಗಳಿಗೆ ಏನೂ ಆಗಿಲ್ಲ, ಆಣೆ. ನ್ಯಾಯಾಧೀಶರ ಕುರ್ಚಿಯ ಕಂದು ಬಣ್ಣ ಮಾತ್ರ ಚೂರು ನನ್ನ ಅಂಗಿಗೆ ಬಂದಿದೆ.

ಈಗ ಕುಶಲಪ್ರಶ್ನೆ. ಬಲಗೈ ಮಣಿಕಟ್ಟಿನ ನೋವು ಹೇಗಿದೆ? ಅದಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಎಣ್ಣೆ ಇರುವುದು ಬಣ್ಣ ಕಲಸುವುದಕ್ಕೆ ಮಾತ್ರವೋ? ಹೊತ್ತಿಗೆ ಸರಿಯಾಗಿ ಉಣ್ಣು. ನಾನಂತೂ ಪರಮ ಆರಾಮ. ಅವತ್ತು ಸಂಜೆ ನಿನ್ನ ತಂಗಿ ಬಂದವಳು ಗೋಡೆ ನೋಡುತ್ತಿದ್ದ ಮಹನೀಯರನ್ನು ಕಂಡು, "ಭಾವ, ಅಕ್ಕನ ಹತ್ತು ದಿನದ ಕೆಲಸ ತಿಂಗಳಾಯ್ತು. ನಿಮಗೆ ಹೊಟ್ಟೆಕಿಚ್ಚು" ಅಂದಳು. ಹೊಟ್ಟೆಯಲ್ಲೇ ಕಿಚ್ಚಿದ್ದರೆ ಅಡುಗೆಗೆ ಗ್ಯಾಸ್ ಯಾಕೆ ಬೇಕಿತ್ತು ಎಂದು ಉತ್ತರ ಕೊಟ್ಟೆ. ಅವಳು ನಗಲಿಲ್ಲ. ನಿಮ್ಮ ಮನೆತನದಲ್ಲಿ ಹಾಸ್ಯಕ್ಕೆ ಬಣ್ಣ ಹಿಡಿಯುವುದಿಲ್ಲ.

ನನಗೆ ಯಾಕೆ ಹೊಟ್ಟೆಕಿಚ್ಚು ಬರಬೇಕು ಹೇಳು. ಫೋಟೊ ಸ್ಟುಡಿಯೊದ ಹಿಂದಿನ ಕೋಣೆಯಲ್ಲಿ ಕೂತು, ಕಪ್ಪುಬಿಳುಪಿನ ಮದುಮಕ್ಕಳ ಕೆನ್ನೆಗೆ ಕೆಂಪು ಹಚ್ಚುತ್ತಿದ್ದ ಹುಡುಗಿ ನೀನು. ಹೆಂಗಸರಿಗೆ ಹೂವಿನ ಚಿತ್ರ ಸಾಕು ಎಂದ ಡ್ರಾಯಿಂಗ್ ಮೇಷ್ಟರನ್ನೇ ಎದುರಿಗೆ ಕೂರಿಸಿ, ಮೂಗಿನ ತುದಿಯ ಕೋಪವನ್ನೂ ಬಿಡದೆ ಬರೆದು, ಅವರಿಂದಲೇ ಭೇಷ್ ಅನ್ನಿಸಿಕೊಂಡವಳು. ಮುಖ್ಯೋಪಾಧ್ಯಾಯಿನಿಯ ಚಿತ್ರ ಶಾಲೆಯ ಹಾಲಿಗೆ ಏರಿದ ಮೇಲೆ ಬ್ಯಾಂಕು, ಆಸ್ಪತ್ರೆ, ಕೋರ್ಟು, ಒಂದೊಂದೇ ಗೋಡೆ ನಿನ್ನದಾಯಿತು. ಆ ಗೋಡೆಗಳಲ್ಲಿ ನಾನೂ ಇದ್ದೇನೆಂಬುದು ನಮ್ಮಿಬ್ಬರಿಗೇ ಗೊತ್ತು. ದೊಡ್ಡ ಮನುಷ್ಯರಿಗೆ ಮುಖ ಕೊಟ್ಟು ಕೂರುವಷ್ಟೇ ಪುರುಸೊತ್ತು. ಕೋಟು ಬಿಚ್ಚಿಟ್ಟು ಹೋಗುತ್ತಾರೆ. ಆಗ ಬರುತ್ತದೆ ನಿನ್ನ ಕರೆ: "ರೀ, ಈ ಕೋಟು ಹಾಕ್ಕೊಂಡು ಸ್ವಲ್ಪ ಕೂತ್ಕೊಳ್ಳಿ. ತಲೆ ಬೇಡ, ಭುಜ ಸಾಕು." ಹೀಗೆ ಹದಿನೇಳು ಚಿತ್ರ. ಕೀರ್ತಿ ಅವರದು, ಭುಜ ನನ್ನದು. ಭುಜಕೀರ್ತಿ ಎಂಬ ಪದ ಹುಟ್ಟಿದ್ದು ನಮ್ಮ ಮನೆಯಲ್ಲೇ ಇರಬೇಕು. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವ ತಲೆಗೆ ಮನೆಯಲ್ಲಿ ಕೆಲಸವಿಲ್ಲ.

ನನ್ನ ಮುಖ ಯಾವಾಗ ಬರೆಯುತ್ತೀ ಎಂದು ಒಮ್ಮೆ ಕೇಳಿದ್ದೆ. ನೀನು ಕುಂಚ ಒರೆಸುತ್ತಾ, "ನಿಮ್ಮ ಮುಖ ನನಗೆ ಬಾಯಿಪಾಠ, ಬರೆದು ನೋಡೋದೇನಿದೆ" ಅಂದೆ. ಅದನ್ನು ಪ್ರೀತಿಯೆಂದು ತಿಳಿದು ಒಂಬತ್ತು ವರ್ಷ ಹಿಗ್ಗಿದೆ. ಆದರೆ ಬಾಯಿಪಾಠವಾದ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಇದು ನನ್ನಂಥ ಮೇಷ್ಟರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ನೀನು ಚಿತ್ರ ಬರೆಯಲು ಊರು ಬಿಟ್ಟು ಹೋಗಿರುವ ಆ ಹಡಗಿನ ಕಪ್ತಾನನನ್ನೇ ತಗೋ. "ಇದು ಮುಗಿಯುವ ಮುಖವಲ್ಲ, ದಿನಾ ಹೊಸದು" ಎಂದು ಹೋದ ಕಾಗದದಲ್ಲಿ ಬರೆದಿದ್ದೀ. ಅವನ ಹುಬ್ಬಿಗೆ ಎರಡು ಪುಟ, ಕೆಳತುಟಿಗೆ ಅರ್ಧ ಪುಟ. ಕೊನೆಯಲ್ಲಿ, ಅಂಚಿನಲ್ಲಿ, "ನೀವು ಹೇಗಿದ್ದೀರಿ". ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿಲ್ಲ. ನನ್ನ ಮುಖ ನಿನಗೆ ಒಂದು ದಿನವಾದರೂ ಹೊಸದಾಗಿ ಕಂಡಿದೆಯಾ? ಇರಲಿ. ಇದು ಹೊಟ್ಟೆಕಿಚ್ಚಲ್ಲ, ತರ್ಕ.

ಅವಸರ ಬೇಡ. ಇನ್ನೂ ಒಂದು ತಿಂಗಳು ಬೇಕಾದರೆ ತಗೋ. ನಾನಿಲ್ಲಿ ಕಾಲು ಚಾಚಿಕೊಂಡು, ಬಾಗಿಲ ಕಡೆ ಒಮ್ಮೆಯೂ ನೋಡದೆ, ಸುಖವಾಗಿದ್ದೇನೆ. ಹೆಂಡತಿಯ ಬೆನ್ನು ಹತ್ತಿ ಊರೂರು ಅಲೆಯುವ ಜಾಯಮಾನ ನನ್ನದಲ್ಲ. ಕಪ್ತಾನನಿಗೆ ದೂರದಿಂದ ಒಂದು ನಮಸ್ಕಾರ. ನಿನ್ನ ಮಣಿಕಟ್ಟಿಗೆ ನನ್ನ ಆಶೀರ್ವಾದ.

ಇತಿ,
ಹದಿನೇಳು ಕೋಟುಗಳ ತಾತ್ಕಾಲಿಕ ಒಡೆಯ,
ನಿನ್ನ ಗಂಡ

ತಾ. ಕ.: ಲಕೋಟೆಗೆ ಅಂಚೆಚೀಟಿ ಇಲ್ಲದ್ದನ್ನು ನೀನು ಆಗಲೇ ಗಮನಿಸಿರುತ್ತೀ, ನಿನ್ನ ಕಣ್ಣಿಗೆ ಏನು ತಪ್ಪುತ್ತದೆ, ನನ್ನ ಮುಖವೊಂದನ್ನು ಬಿಟ್ಟು. ಮಂಗಳವಾರದಿಂದ ನಾನು ಕಪ್ತಾನರ ಮನೆಯ ಎದುರಿನ ಲಾಡ್ಜಿನಲ್ಲಿದ್ದೇನೆ, ಮಹಡಿಯ ಮೇಲೆ ಆರನೇ ನಂಬರು. ಮ್ಯಾನೇಜರರ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಕಿಟಕಿಯಿಂದ ನಿಮ್ಮಿಬ್ಬರನ್ನೂ ನೋಡಿದೆ. ಅವರಿಗೆ ಎಂಬತ್ತು ದಾಟಿದೆ, ಹೆಣ್ಣುಮಕ್ಕಳಿಬ್ಬರು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸುತ್ತಾರೆ, ಕೂತ ಸ್ವಲ್ಪ ಹೊತ್ತಿಗೆ ನಿದ್ದೆ. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನಿನ್ನೆ ನಲವತ್ತು ನಿಮಿಷ ನೀನು ಆ ನಿದ್ದೆ ಹೋದ ಮುಖದಿಂದ ಕಣ್ಣು ಕೀಳಲಿಲ್ಲ. ಇವತ್ತು ಕೆಲಸ ಮುಗಿದ ಮೇಲೆ ಇದ್ದಿಲು, ಕಾಗದ ತಗೊಂಡು ಒಂದು ಸಲ ಈ ಮೆಟ್ಟಿಲು ಹತ್ತಿ ಬಾ. ಬೆಳಿಗ್ಗೆಯೇ ಗಡ್ಡ ಬೋಳಿಸಿಕೊಂಡು ಕೂತಿದ್ದೇನೆ. ಎರಡು ಕಡೆ ಕೊಯ್ದುಕೊಂಡಿದ್ದೇನೆ, ಅದನ್ನೂ ಬಿಡದೆ ಬರೆ.